ನಾಲ್ಕನೆಯ ಟೇಬಲ್ಲಿನ ಹಾಜರಿ

ಕಳೆದ ಸೋಮವಾರ ಬೆಳಿಗ್ಗೆ ಅವರು ಮತ್ತೆ ಕೆಲಸಕ್ಕೆ ಬಂದರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಮೊದಲೆಲ್ಲ ಚಚಡಿ ಕಡೆಯ ತಮ್ಮ ಊರಿನಿಂದ ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತಿದ್ದರು; ಈ ಸಲ ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಹೊದ್ದು, ಮಲಗಿಕೊಂಡು ಬಂದರು. ಅವರ ಮಗಳು ನನ್ನ ಕೈಗೆ ದೇಹದಾನದ ಫಾರ್ಮು ಕೊಟ್ಟಳು. ಅದರ ಅಂಚಿನಲ್ಲಿ, ಅವರದೇ ಗುಂಡಗಿನ ಅಕ್ಷರದಲ್ಲಿ, ಫಾರ್ಮು ಕೇಳಿರದ ಒಂದು ಸಾಲಿತ್ತು: "ನನಗೆ ನಾಲ್ಕನೇ ನಂಬರ ಕೊಡಬೇಕು." ನಮ್ಮಲ್ಲಿ ನಾಲ್ಕನೇ ನಂಬರು ಇಪ್ಪತ್ತು ವರ್ಷದಿಂದ ಖಾಲಿ ಇದೆ. ಖಾಲಿ ಇರುವುದು ನನ್ನಿಂದ.

ಬೈಲಹೊಂಗಲದ ಒಂದು ಆಯುರ್ವೇದ ಕಾಲೇಜಿನಲ್ಲಿ ನಾನು ಶರೀರರಚನೆ ಕಲಿಸುತ್ತೇನೆ. ಕಲಿತದ್ದೂ ಇಲ್ಲಿಯೇ. ಅವರು ಇಲ್ಲಿಯ ಶವಛೇದನದ ಕೋಣೆಯ ಅಟೆಂಡರಾಗಿದ್ದರು. ದಾನವಾಗಿ ಬಂದ ದೇಹಗಳನ್ನು ತೊಳೆದು, ಕೆಡದಂತೆ ಔಷಧ ತುಂಬಿ, ವರ್ಷವಿಡೀ ಕಾಯ್ದು, ನಾವು ಕೊಯ್ದು ಕಲಿತು ಮುಗಿಸಿದ ಮೇಲೆ ಉಳಿದದ್ದನ್ನೆಲ್ಲ ಕೂಡಿಸಿ ಮಣ್ಣು ಮಾಡುವುದು ಅವರ ಕೆಲಸವಾಗಿತ್ತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ಅವರದೇ ಕಟ್ಟಳೆ. "ಈ ಕ್ವಾಣಿಯೊಳಗ ಬಂದವರಿಗೆ ಹೆಸರಿಲ್ರಿ. ಹೆಸರು ಬಾಗಲದಾಗ ಬಿಟ್ಟು ಬರಬೇಕು, ಚಪ್ಪಲಿ ಬಿಟ್ಟಂಗ" ಎನ್ನುತ್ತಿದ್ದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು.

ಮೊದಲ ದಿನ ನೆನಪಿದೆ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿದು, ಮೂಗಿಗೆ ಕರವಸ್ತ್ರ ಹಿಡಿದು ಸಾಲಾಗಿ ನಿಂತಿದ್ದೆವು. ಕಾಕಾ ಒಂದು ಹಳೆಯ ರಿಜಿಸ್ಟರು ಹಿಡಿದು ಟೇಬಲ್ಲುಗಳ ಮುಂದೆ ಬಂದರು. "ಒಂದು" ಎಂದರು. ಸುಮ್ಮನೆ ನಿಂತರು. ಐದು ಸಲ ಉಸಿರಾಡುವಷ್ಟು ಹೊತ್ತು. ಏನೋ ಬರೆದುಕೊಂಡರು. "ಎರಡು" ಎಂದರು. ಮತ್ತೆ ಅಷ್ಟೇ ಹೊತ್ತು. ನಮ್ಮಲ್ಲೊಬ್ಬ ನಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಯಾರ ಹಾಜರಿ ತಗೊಳ್ಳಾಕ ಹತ್ತೀರಿ ಕಾಕಾ?"

"ಬಂದವರದ. ನಿಮ್ಮದು ಸರ್ ತಗೋತಾರ."

"ಇವ್ರು ಓ ಅಂತಾರೇನ್ರಿ?"

"ಅಂತಾರ. ನಿಮಗ ಕೇಳಸಬೇಕಂದ್ರ ಮೊದಲು ನಗೂದು ಬಿಡ್ರಿ."

ನಗುವುದು ತಾನಾಗಿ ನಿಂತಿತು. ಆಗಲೇ ಗಮನಕ್ಕೆ ಬಂದದ್ದು: ಅವರು ಒಂದೊಂದು ನಂಬರು ಕರೆದಾಗಲೂ ಕೋಣೆಯಲ್ಲಿ ಎಲ್ಲೋ ಒಂದು ಸಣ್ಣ ಸಪ್ಪಳವಾಗುತ್ತಿತ್ತು. ಒಮ್ಮೆ ನಳದ ಹನಿ, ಒಮ್ಮೆ ತೊಟ್ಟಿಯ ಮುಚ್ಚಳ, ಒಮ್ಮೆ ಮಾಡಿನ ತಗಡು ಟಕ್ ಎಂದದ್ದು. ಮುಂಜಾನೆಯ ಬಿಸಿಲಿಗೆ ತಗಡು ಹಿಗ್ಗುತ್ತದೆ, ಸಪ್ಪಳ ಮಾಡುತ್ತದೆ, ಅದರಲ್ಲೇನು ಮಹಾ ಎಂದು ಗೆಳತಿಯರಿಗೆ ನಾನೇ ದೊಡ್ಡ ವಿಜ್ಞಾನಿಯಂತೆ ಹೇಳಿದೆ. ಈಗ ನನ್ನ ವಿದ್ಯಾರ್ಥಿಗಳಿಗೂ ಹಾಗೇ ಹೇಳುತ್ತೇನೆ.

ಅವರ ಅಜ್ಜ ಸತ್ತ ದನದ ತೊಗಲು ಬಿಡಿಸಿ, ಹದ ಮಾಡಿ, ಬಾವಿಯಿಂದ ನೀರೆತ್ತುವ ಚೀಲ ಹೊಲಿಯುತ್ತಿದ್ದವರಂತೆ. ಅಪ್ಪ ಆ ಕಸುಬು ಬಿಟ್ಟು, ಮನೆಯಲ್ಲಿ ಬುದ್ಧನ ಫೋಟೋ ತೂಗುಹಾಕಿ, ಮಗನನ್ನು ಮ್ಯಾಟ್ರಿಕ್ ಓದಿಸಿದರು. ಕಸುಬು ಬಿಟ್ಟರೂ ಅಜ್ಜನ ಬೆರಳು ಮೊಮ್ಮಗನ ಕೈಯಲ್ಲಿ ಉಳಿದಿತ್ತು. ನಾವು ಕತ್ತಿ ಹಿಡಿದು ಚರ್ಮದ ಜೊತೆ ಹೆಣಗುತ್ತಿದ್ದರೆ ಪಕ್ಕಕ್ಕೆ ಸರಿಸಿ, ಬರಿ ಬೆರಳನ್ನು ಚರ್ಮದ ಕೆಳಗೆ ತೂರಿಸುತ್ತಿದ್ದರು. ಒಳಗಿನ ಬಿಳಿ ಎಳೆಗಳು ಹತ್ತಿ ಹಿಂಜಿದಂತೆ ಬಿಟ್ಟುಕೊಡುತ್ತಿದ್ದವು. "ಇದು ಸಡ್ಲ ಕಟ್ಟು. ಇದಕ್ಕ ಕತ್ತಿ ಬ್ಯಾಡ, ತಾಳ್ಮಿ ಬೇಕು. ಕತ್ತಿ ಹಚ್ಚಿದ್ರಿ, ಕೆಳಗಿನ ನರಾ ಕಡಕೊಂಡು ಹೋತು."

ಪುಸ್ತಕದಲ್ಲಿ ಅದಕ್ಕೆ ಸಂಯೋಜಕ ಅಂಗಾಂಶ ಎಂಬ ಹೆಸರು. ಸಡಿಲವಾದದ್ದು, ಒತ್ತಾದದ್ದು, ಕೊಬ್ಬು, ಮೃದ್ವಸ್ಥಿ, ಎಲುಬು, ರಕ್ತ ಎಂದು ನಾವು ಉರು ಹೊಡೆದೆವು. ಕಾಕಾನ ಬಾಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಕಟ್ಟು. ಎಲುಬಿಗೆ ಎಲುಬು ಹಿಡಿಯುವುದು ಬಿಗಿ ಕಟ್ಟು. ಮಾಂಸವನ್ನು ಎಲುಬಿಗೆ ಹಿಡಿಯುವುದು ಹಗ್ಗದ ಕಟ್ಟು. ಕಿವಿಯದು ಬಾಗುವ ಕಟ್ಟು. "ಮನಿಶ್ಯಾ ಅಂದ್ರ ಮಾಂಸ ಅಂತ ತಿಳಕೊಂಡೀರಿ. ಅಲ್ರಿ. ಮನಿಶ್ಯಾ ಅಂದ್ರ ಕಟ್ಟು" ಎನ್ನುತ್ತಿದ್ದರು.

ಒಮ್ಮೆ ನಾನು ಜಾಣತನ ತೋರಿಸಲು ಹೋದೆ. "ರಕ್ತ ಹರಿಯೂದು ಕಾಕಾ, ಅದು ಹೆಂಗ ಕಟ್ಟು ಆಗತೈತಿ?"

"ನಿಮ್ಮೂರು ಯಾವುದ ತಂಗಿ?"

"ದೊಡವಾಡರಿ."

"ದೊಡವಾಡಕ್ಕೂ ಬೈಲಹೊಂಗಲಕ್ಕೂ ಕೂಡಿಸೂದು ರೋಡಷ್ಟ ಏನು? ಬಸ್ ನಿಂತ್ರ ನಿಮ್ಮ ಅವ್ವನ ಬುತ್ತಿ ನಿಮಗ ಹೆಂಗ ಮುಟ್ಟತೈತಿ?"

ಬಿ.ಎ.ಎಂ.ಎಸ್. ಪರೀಕ್ಷೆಯಲ್ಲಿ ಈ ಉತ್ತರ ಬರೆಯಲಾಗಲಿಲ್ಲ. ಆದರೆ ಮರೆತೂ ಇಲ್ಲ.

ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ನೋಡಿ ಒಬ್ಬಳು ಎಚ್ಚರ ತಪ್ಪಿ ಬಿದ್ದಿದ್ದಳು. ಮುಂಗೈ ಬಿಡಿಸಿದ ದಿನ, ಒಳಗಿನ ಬಿಳಿ ಹಗ್ಗವೊಂದನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಜಗ್ಗಿದರು. ಸತ್ತವರ ತೋರುಬೆರಳು ಮಡಚಿತು. ಬಿಟ್ಟರೆ ಚಾಚಿತು. ಜಗ್ಗಿದರೆ ಮತ್ತೆ ಮಡಚಿತು. "ನೋಡ್ರಿ, ಕರ್ಯಾಕ ಹತ್ತ್ಯಾರ" ಎಂದರು ಕಾಕಾ, ಒಂದಿಷ್ಟೂ ನಗದೆ. ಆ ಬೆರಳು ನನ್ನ ಕಡೆಗೇ ಇತ್ತು. ಅದು ನಾಲ್ಕನೆಯ ಟೇಬಲ್ಲು.

ನಾಲ್ಕನೆಯವರು ಮುನವಳ್ಳಿಯ ಒಬ್ಬ ಸಾಲಿ ಮಾಸ್ತರರು. "ಸತ್ತ ಮ್ಯಾಲೂ ಸಾಲ್ಯಾಗ ಇರತೇನಿ" ಎಂದು ಹಟ ಹಿಡಿದು ದೇಹ ಬರೆದುಕೊಟ್ಟವರಂತೆ. ತಂದು ಬಿಟ್ಟುಹೋದವರು ಅವರ ಹೆಂಡತಿ, ಹಣೆ ತುಂಬ ವಿಭೂತಿ ಹಚ್ಚಿದ ಗಟ್ಟಿ ಹೆಂಗಸು. ಬಾಗಿಲಲ್ಲಿ ನಿಂತು ಆಕೆ ಕಾಕಾನಿಗೆ ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು. "ಕುಂಡ್ರಿಸಿ ಮಣ್ಣು ಕೊಡೂ ಮಂದಿ ನಾವು, ತಮ್ಮಾ. ಅವರ ಮಾತಿಗೆ ಮಲಗಿಸಿ ತಂದೇನಿ. ನೀವು ಏನರ ಕಲೀರಿ, ಏನರ ಕೊಯ್ರಿ. ತಿರುಗಿ ಕೊಡೂ ಮುಂದ ಒಂದ ಎಳಿ ಕಡಿಮಿ ಆಗಬಾರದು." ಕಾಕಾ ಎರಡೂ ಕೈ ಜೋಡಿಸಿ, "ನಾ ಅದೀನ್ರಿ ಅವ್ವಾರ" ಎಂದಿದ್ದರು.

ಆ ಮಾತನ್ನು ಮುರಿದದ್ದು ನಾನು.

ಗಂಟಲಲ್ಲಿ ಒಂದು ಸಣ್ಣ ಎಲುಬಿದೆ, ಕುದುರೆಯ ಲಾಳದ ಆಕಾರದ್ದು. ಮೈಯ ಬೇರೆ ಯಾವ ಎಲುಬಿಗೂ ಅದು ತಾಗುವುದಿಲ್ಲ. ನಾಲಿಗೆಯ ಬುಡದಲ್ಲಿ ಬರಿ ಕಟ್ಟುಗಳ ಮೇಲೆ ತೂಗಾಡಿಕೊಂಡಿರುತ್ತದೆ. ಅದಿಲ್ಲದೆ ನುಂಗುವುದು ಕಷ್ಟ, ಮಾತು ಕಷ್ಟ. ಪರೀಕ್ಷೆ ನಡೆಸಲು ಬರುವವರು ಅದನ್ನು ಅಂಗೈಯಲ್ಲಿ ಇಟ್ಟು, "ಯಾವ ಕಡೆ ಮೇಲೆ?" ಎಂದು ಕೇಳಿ ಫೇಲು ಮಾಡುತ್ತಾರೆ ಎಂಬ ಸುದ್ದಿ ನಮ್ಮಲ್ಲಿ ಹಬ್ಬಿತ್ತು. ನಾಲ್ಕನೆಯ ಟೇಬಲ್ಲಿನಲ್ಲಿ ಕುತ್ತಿಗೆ ಬಿಡಿಸಿದ ದಿನ ಆ ಎಲುಬು ನನ್ನ ಕೈಗೆ ಬಂತು. ಎರಡು ದಿನ ಇಟ್ಟುಕೊಂಡು ಓದಿ ತಂದಿಟ್ಟರಾಯಿತು ಎಂದು ಏಪ್ರನ್ನಿನ ಕಿಸೆಗೆ ಇಳಿಸಿದೆ. ಕಳವು ಎಂದು ಅನಿಸಲೇ ಇಲ್ಲ. ಎಲ್ಲರೂ ಮಂಚದ ಕೆಳಗೆ ಎಲುಬು ಇಟ್ಟುಕೊಂಡೇ ಓದುತ್ತಿದ್ದರಲ್ಲ! ಆದರೆ ಅವು ಕಾಲೇಜೇ ಓದಲು ಕೊಟ್ಟ ಹಳೆಯ ಎಲುಬುಗಳು. ಇದು ಒಬ್ಬ ಮನುಷ್ಯನದು.

ಮರುದಿನ ಹಾಜರಿ. ಒಂದು. ನಳದ ಹನಿ ಬಿತ್ತು. ಎರಡು. ಮೂರು. "ನಾಲ್ಕು" ಎಂದರು ಕಾಕಾ. ಏನೂ ಇಲ್ಲ. ಐದು ಉಸಿರು, ಹತ್ತು ಉಸಿರು. ತಗಡೂ ಸುಮ್ಮನಿತ್ತು. ಅವರು ರಿಜಿಸ್ಟರು ಮುಚ್ಚಿ ನಮ್ಮ ಕಡೆ ತಿರುಗಿದರು.

"ಮಾಸ್ತರ ಓ ಅನ್ನವಲ್ರು. ಯಾರಿಗರ ಏನರ ಸಿಕ್ಕೈತೇನ್ರಿ?"

ಅಷ್ಟೇ ಕೇಳಿದ್ದು. ಒಬ್ಬೊಬ್ಬರ ಮುಖ ನೋಡುತ್ತ ಬಂದರು. ನನ್ನ ಮುಂದೆ ನಿಂತಾಗ ಕೈಯಿಂದ ಗಂಟಲು ಸವರಿಕೊಳ್ಳುತ್ತ, "ಇಲ್ರಿ ಕಾಕಾ" ಎಂದೆ. ಅವರು ತಲೆಯಾಡಿಸಿ ಮುಂದೆ ಹೋದರು.

ಆಮೇಲಿನದು ನನ್ನ ಹೇಡಿತನದ ಕತೆ. ಇವತ್ತು ಕೊಡೋಣ, ನಾಳೆ ಕೊಡೋಣ ಎನ್ನುವಷ್ಟರಲ್ಲಿ ಮಾತು ಪ್ರಿನ್ಸಿಪಾಲರಿಗೆ ಮುಟ್ಟಿತು. ಅವರು ಕಾಕಾನಿಗೆ ನಿರ್ಲಕ್ಷ್ಯದ ಮೆಮೋ ಕೊಟ್ಟರು. "ಇವರ ಮಂದಿಗೆ ಎಲುಬು ತೊಗಲು ಮಾರೂದು ಹೊಸದೇನಲ್ಲ" ಎಂದು ಒಬ್ಬ ಮೇಷ್ಟ್ರು ವರಾಂಡದಲ್ಲಿ ಎಲ್ಲರಿಗೂ ಕೇಳುವಂತೆ ಆಡಿದರು. ನಾನು ಅಲ್ಲೇ ಇದ್ದೆ. ಹೊಲಮನೆ ಉಳ್ಳವರ ಮಗಳು, ನನ್ನ ಮೇಲೆ ಯಾರಿಗೂ ಅನುಮಾನವಿಲ್ಲ. ಕಾಕಾ ಮೆಮೋಗೆ ಸಹಿ ಹಾಕಿ, ಹೋಗಿ ಟೇಬಲ್ಲು ಒರೆಸತೊಡಗಿದರು. ನಾನು ಬಾಯಿ ಬಿಡಲಿಲ್ಲ. ಥೂ, ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ವರ್ಷ ಮುಗಿಯಿತು. ಪೂರ್ತಿ ಇಲ್ಲದವರನ್ನು ಮಣ್ಣು ಮಾಡುವುದಿಲ್ಲ ಎಂದು ಕಾಕಾ ತಡೆದು ನೋಡಿದರು. ಮೇಲಿನಿಂದ ಆದೇಶ ಬಂತು. ಕಾಲೇಜಿನ ಹಿಂದೆ ಬೇವಿನ ಗಿಡದ ಹತ್ತಿರ ಕುಣಿ ತೋಡಿದರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂತು, ನಾವು ಬಿಡಿಸಿದ್ದನ್ನೆಲ್ಲ ಮತ್ತೆ ಕಟ್ಟಿದರು. ಬಿಳಿ ಬಟ್ಟೆ ಹರಿದು ಪಟ್ಟಿ ಮಾಡಿ, ಎಲುಬಿಗೆ ಎಲುಬು, ಗಿಣ್ಣಿಗೆ ಗಿಣ್ಣು, ಒಂದೊಂದೂ ಗಂಟು. ಸಂಜೆಗೆ ಮುಂಚೆ ಮಾಸ್ತರರು ಕುಣಿಯೊಳಗೆ ಕಾಲು ಮಡಚಿ ಕೂತಿದ್ದರು. ಅವರ ಮಂದಿಯಂತೆಯೇ, ನೆಟ್ಟಗೆ.

ಹೆಂಡತಿ ಕುಣಿಯ ಅಂಚಿಗೆ ಬಂದು ನೋಡಿದರು. "ಎಲ್ಲಾ ಐತೇನ ತಮ್ಮಾ?"

ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಾಕಾ ಹೇಳಲಿಲ್ಲ. "ಒಂದು ಇಲ್ರಿ ಅವ್ವಾರ. ಗಂಟಲೆಲುಬು. ಅದರ ಜಾಗಾದಾಗ ಒಂದು ಗಂಟು ಖಾಲಿ ಬಿಟ್ಟೇನಿ. ಅದು ಬಂದ ದಿನ ಇಡತೇನಿ."

ಆಕೆ ಒಂದು ಹಿಡಿ ಮಣ್ಣು ಹಾಕಿ, ಕೈ ಜಾಡಿಸಿದರು. "ಹಂಗಾರ ಹೋಗಿಲ್ಲ ಅವ್ರು. ಬಾಯಿ ಇಲ್ಲದ ಹೆಂಗ ಹೋಗತೇನಿ ಅಂತ ಹೇಳತಾರ?"

ಅಂದಿನಿಂದ ಕಾಕಾ ಯಾವ ದೇಹಕ್ಕೂ ನಾಲ್ಕನೇ ನಂಬರು ಕೊಡಲಿಲ್ಲ. ಒಂದು, ಎರಡು, ಮೂರು, ಆಮೇಲೆ ಐದು. ಆದರೆ ಹಾಜರಿಯಲ್ಲಿ ಮಾತ್ರ ನಾಲ್ಕು ಎಂದು ಕರೆದು, ಖಾಲಿ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದರು. ನಾನು ಓದು ಮುಗಿಸಿ ಇಲ್ಲಿಯೇ ಕಲಿಸಲು ಸೇರಿದೆ. ನಾನು ಓದಿದ ವರ್ಷಗಳೂ ಸೇರಿ ಹದಿನಾಲ್ಕು ವರ್ಷ, ದಿನಾ ಮುಂಜಾನೆ ಅವರು ಆ ನಂಬರು ಕರೆದರು; ಕಲಿಸತೊಡಗಿದ ಮೇಲೆ ನನ್ನ ಪಕ್ಕದಲ್ಲೇ ನಿಂತು. ಆ ಎಲುಬು ನನ್ನ ಪರ್ಸಿನ ಒಳಕಿಸೆಯಲ್ಲಿ, ಕುಂಕುಮದ ಡಬ್ಬಿಯೊಂದರಲ್ಲಿ ಇರುತ್ತಿತ್ತು. ಮನೆಯಲ್ಲಿ ಇಡಲು ಧೈರ್ಯವಿರಲಿಲ್ಲ, ಎಸೆಯಲು ಅದಕ್ಕಿಂತ ಇರಲಿಲ್ಲ. ನನಗೊಂದು ಒಣಕೆಮ್ಮು ಅಂಟಿಕೊಂಡಿತು. ಹುಬ್ಬಳ್ಳಿಯವರೆಗೆ ತೋರಿಸಿದೆ, ಏನೂ ಇಲ್ಲ ಎಂದರು. ಪಾಠದ ನಡುವೆ ನಾನು ಗಂಟಲು ಸವರಿಕೊಳ್ಳುವುದನ್ನು ಹುಡುಗರು ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ನಕಲು ಮಾಡಿ ನಗಿಸುತ್ತಾರೆ. ನಾನೂ ಜೊತೆಗೆ ನಗುತ್ತೇನೆ.

ವರ್ಷಕ್ಕೊಮ್ಮೆ, ಹಿರಿಯರನ್ನು ನೆನೆಯುವ ಮಹಾನವಮಿ ಅಮವಾಸ್ಯೆಯ ಮರುದಿನ, ಮುನವಳ್ಳಿ ಬಸ್ಸಿಗೆ ಮಾಸ್ತರರ ಹೆಂಡತಿ, ಆ ಅಜ್ಜಿ, ಬರುತ್ತಿದ್ದರು. ಬೇವಿನ ಗಿಡದ ಹತ್ತಿರ ಕಾಯಿ ಒಡೆದು, ಕೋಣೆಯ ಬಾಗಿಲಿಗೆ ಬಂದು ಒಂದೇ ಮಾತು ಕೇಳುತ್ತಿದ್ದರು. "ಬಂತೇನ?"

"ಇನ್ನಾ ಇಲ್ರಿ ಅವ್ವಾರ" ಎನ್ನುತ್ತಿದ್ದರು ಕಾಕಾ. ನಾನು ಏನಾದರೊಂದು ಕಾಗದ ತಿರುವಿ ಹಾಕುತ್ತ ಇರುತ್ತಿದ್ದೆ.

ಕಾಕಾ ನಿವೃತ್ತರಾದ ವಾರ ಧೈರ್ಯ ಮಾಡಿ ಅವರ ಊರಿಗೇ ಹೋದೆ, ಡಬ್ಬಿ ಹಿಡಿದುಕೊಂಡು. "ಬರ್ರಿ ಬಾಯಾರ, ಕುಂಡ್ರಿ" ಎಂದು ಚಾಪೆ ಹಾಸಿದರು. ನಾನು ಕಲಿಸತೊಡಗಿದ ಮೇಲೆ ಅವರಿಗೆ ತಂಗಿಯಲ್ಲ, ಬಾಯಾರು, ಮೇಡಂ. ಚಹಾ ಕೊಟ್ಟರು. ಮೊದಲ ವರ್ಷ ಅವರು ಕೊಟ್ಟ ಚಹಾವನ್ನು ನೆಪ ಹೇಳಿ ಬಿಟ್ಟಿದ್ದವಳು ನಾನು. ಅವತ್ತು ಎರಡು ಕಪ್ಪು ಕುಡಿದೆ. ಬಾಯಿ ತೆರೆದರೆ ಬರಿ ಕೆಮ್ಮು.

"ಏನರ ಹೇಳೂದೈತೇನ್ರಿ?"

"ಏನಿಲ್ಲ ಕಾಕಾ. ಸುಮ್ನ ಬಂದಿದ್ದೆ."

ಅವರು ಖಾಲಿ ಕಪ್ಪು ಎತ್ತಿಕೊಂಡರು. "ಅವಸರ ಇಲ್ರಿ" ಎಂದರು. "ನಾ ಎಲ್ಲಿ ಹೊಕ್ಕೇನಿ? ಮತ್ತ ಅಲ್ಲೇ ಬರಾಂವ." ಅದು ದೇಹದಾನದ ಮಾತು ಎಂದು ಆಗ ನನಗೆ ತಿಳಿಯಲಿಲ್ಲ.

ಹೀಗೆ ಕಳೆದ ಸೋಮವಾರ ಅವರು ಬಂದರು. ಹೊಸ ಅಟೆಂಡರು ತೊಳೆದು, ಔಷಧ ತುಂಬಿ, ಬರೆದುಕೊಟ್ಟಂತೆ ನಾಲ್ಕನೆಯ ಟೇಬಲ್ಲಿನ ಮೇಲೆ ಮಲಗಿಸಿದ. ಹಿಂದೆಂದೂ ನೋಡಿರದಷ್ಟು ಅಚ್ಚುಕಟ್ಟಾಗಿ ಮಲಗಿದ್ದರು. ನಾನು ಬಾಗಿಲಲ್ಲೇ ನಿಂತೆ, ಒಳಗೆ ಹೋಗಲಿಲ್ಲ.

ಬುಧವಾರ ಮಧ್ಯಾಹ್ನ ಆ ಅಜ್ಜಿ ಬಂದರು. ಅಮವಾಸ್ಯೆಯಲ್ಲ, ಏನಲ್ಲ, ಸುದ್ದಿ ಕೇಳಿ ಬಂದಿದ್ದರು. ಈಗ ಬಹಳ ಬಾಗಿದ್ದಾರೆ, ಕೋಲು ಹಿಡಿದಿದ್ದಾರೆ. ಯಾರನ್ನೂ ಕೇಳದೆ ನೆಟ್ಟಗೆ ನಾಲ್ಕನೆಯ ಟೇಬಲ್ಲಿನ ಹತ್ತಿರ ಹೋದರು. ಕಾಕಾನ ಹಣೆ ಮುಟ್ಟಿದರು. ನಾನು ಅವರ ಹಿಂದೆಯೇ ನಿಂತಿದ್ದೆ. ಕೋಣೆಯಲ್ಲಿ ನಾವಿಬ್ಬರೇ, ಮೂರನೆಯವರು ಕಾಕಾ.

"ಬಂತೇನ?" ಎಂದು ಕೇಳಿದರು ಅಜ್ಜಿ.

ಉತ್ತರ ಕೊಡಲು ಈಗ ಯಾರೂ ಇರಲಿಲ್ಲ. ತಗಡು ಸಪ್ಪಳ ಮಾಡಲಿಲ್ಲ. ಇನ್ನು ತಡೆಯಲು ನನ್ನಿಂದಾಗಲಿಲ್ಲ. ಪರ್ಸು ತೆರೆದು, ಡಬ್ಬಿ ತೆರೆದು, ಆ ಎಲುಬನ್ನು ಅಜ್ಜಿಯ ಅಂಗೈಯಲ್ಲಿ ಇಟ್ಟೆ. "ನಾನ ತಗೊಂಡಿದ್ದೆ ಅಜ್ಜಿ" ಎಂದೆ. ಕೆಮ್ಮು ಬಂತು, ಅಳು ಬಂತು, ಯಾವುದು ಯಾವುದೋ ಗೊತ್ತಾಗಲಿಲ್ಲ.

ಅಜ್ಜಿ ಅಂಗೈ ಮೇಲೆ ಕೆಳಗೆ ಮಾಡಿ ತೂಕ ನೋಡಿದರು. "ಇಷ್ಟ ಹಗರ ಐತಿ? ಇದರ ಮ್ಯಾಲೆ ಎಷ್ಟು ಮಾತಾಡಿದ್ರವ್ವಾ ಅವ್ರು!"

"ತಪ್ಪಾತು ಅಜ್ಜಿ. ಕಾಕಾಗ ಹೇಳಾಕ ಆಗಲಿಲ್ಲ."

"ಅವಗ ಗೊತ್ತಿತ್ತಲ್ಲವ್ವಾ."

ಅಜ್ಜಿ ಎಲುಬನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ಮೊದಲನೇ ದಿನಾನ ಗೊತ್ತಾಗಿತ್ತಂತ. ಏನು ಕಳದೈತಿ ಅಂತ ಅಂವ ಬಾಯಿ ಬಿಟ್ಟು ಹೇಳಿದ್ದಿಲ್ಲ, ನೀನು ಗಂಟಲಕ್ಕ ಕೈ ಒಯ್ದೆಂತ. ಕಸಗೊಂಡು ತಾರೋ ತಮ್ಮಾ ಅಂದ್ನಿ ನಾ. ಕೇಳಲಿಲ್ಲ. ಮಾಸ್ತರ ಮೈ ಕೊಟ್ಟದ್ದು ದಾನ ಅಂತ, ಅವರ ಎಲುಬನ್ನ ಕಸಗೊಂಡು ತಂದು ಇಟ್ರ ದಾನ ಹೊಲಸ ಆಗತೈತಿ, ಆಕಿ ತಾನಾಗೇ ಕೊಡಬೇಕು ಅಂದ. ಮೆಮೋ ತಗೊಂಡ, ಮಂದಿ ಬಾಯಿಗೆ ಬಿದ್ದ, ನಿನ್ನ ಹೆಸರು ಹೇಳಲಿಲ್ಲ."

ಕೋಲು ಊರಿ ಬಾಗಿಲ ಕಡೆ ಹೆಜ್ಜೆ ಹಾಕಿದ ಅಜ್ಜಿ, ಹೊಸ್ತಿಲಲ್ಲಿ ತಿರುಗಿದರು. "ವರ್ಷಾ ವರ್ಷಾ ಬಂದು ಬಂತೇನ ಅಂತಿದ್ನಲ್ಲಾ, ಅವನ್ನ ಕೇಳತಿದ್ದಿಲ್ಲ ಯವ್ವಾ ನಾ. ನಿನ್ನ ಕೇಳತಿದ್ನಿ."

ಬೇವಿನ ಗಿಡದ ಹತ್ತಿರ ನಾನೇ ಮಣ್ಣು ತೋಡಿದೆ, ಕೈಯಿಂದ, ಮೊಣಕೈಯವರೆಗೆ. ಆಳದಲ್ಲಿ ಬೆರಳಿಗೆ ಬಟ್ಟೆಯ ತುದಿಯಂಥದ್ದೇನೋ ತಾಗಿತು. ಇಷ್ಟು ವರ್ಷ ಮಣ್ಣಲ್ಲಿ ಬಟ್ಟೆ ಉಳಿಯುವುದಿಲ್ಲ, ಬೇವಿನ ಬೇರಿರಬೇಕು. ಅಜ್ಜಿ ಕೊಟ್ಟ ಎಲುಬನ್ನು ಅದರ ಹತ್ತಿರ ಇಟ್ಟೆ. ಕೈ ಹಿಂದಕ್ಕೆ ತೆಗೆಯುವಾಗ ಏನೋ ಒಂದು ಘಳಿಗೆ ಹಿಡಿದಂತಾಗಿ ಬಿಟ್ಟಿತು. ಅದೂ ಬೇರೇ ಇರಬೇಕು. ಅಜ್ಜಿ ಒಂದು ಹಿಡಿ ಮಣ್ಣು ಹಾಕಿ, "ಹೋಗಿ ಬರ್ರಿ" ಎಂದರು. ಸಂಜೆಯ ಬಸ್ಸಿಗೆ ಊರಿಗೆ ಹೋದರು.

ಕೆಮ್ಮು ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ಇದು ಪವಾಡದ ಕತೆಯಲ್ಲ.

ಗುರುವಾರ ಮೊದಲ ವರ್ಷದ ಮಕ್ಕಳ ಮೊದಲ ದಿನ. ಕರವಸ್ತ್ರ ಹಿಡಿದು ಸಾಲಾಗಿ ನಿಂತಿದ್ದರು. ಕಪಾಟಿನಿಂದ ಕಾಕಾನ ರಿಜಿಸ್ಟರು ತೆಗೆದೆ. ಆರು ವರ್ಷದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಒಂದು ಎಂದೆ, ಐದು ಉಸಿರು ನಿಂತೆ. ಎರಡು. ಮೂರು. ಹುಡುಗರು ಒಬ್ಬರನ್ನೊಬ್ಬರು ತಿವಿದು ನಗತೊಡಗಿದರು. ನಾಲ್ಕನೆಯ ಟೇಬಲ್ಲಿನ ಮುಂದೆ ಬಂದೆ. ಕಾಕಾನ ಮುಖದ ಮೇಲೆ ಬಟ್ಟೆ ಇತ್ತು.

"ನಾಲ್ಕು."

ಹೊರಗೆ ಮೋಡ ಕವಿದಿತ್ತು, ತಗಡಿಗೆ ಬಿಸಿಲಿರಲಿಲ್ಲ. ನಳ ಬಂದ್ ಮಾಡಿಸಿದ್ದೆ. ಒಂದು ಉಸಿರು, ಎರಡು, ಮೂರು, ನಾಲ್ಕು.

"ಓ."

ಹುಡುಗರ ನಗೆ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ಧ್ವನಿ ನನ್ನದೇ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕೈ ಗಂಟಲಿಗೆ ಹೋಗಿರಲಿಲ್ಲ.